ವಿಳಂಬದ ವಿಳಾಸ

ರಾಣಿ ಚನ್ನಮ್ಮನ ಕೋಟೆಯುಳ್ಳ ಕಿತ್ತೂರು, ಆಕೆಯ ಸಮಾಧಿಯುಳ್ಳ ಬೈಲಹೊಂಗಲ, ಎಲ್ಲಮ್ಮನ ಗುಡ್ಡದ ಸವದತ್ತಿ, ಮಲಪ್ರಭೆಯ ದಂಡೆಯ ಮೇಲಣ ರಾಮದುರ್ಗ, ಈ ನಾಲ್ಕು ಊರುಗಳಿಗೆ ರೈಲುಹಳಿಯು ಇನ್ನೂ ಬರಬೇಕಾಗಿದೆಯಾದರೂ ಗಣಕಯಂತ್ರವು ಬಂದು ಎರಡು ದಶಕಗಳಿಗೂ ಮೀರಿದ ಕಾಲ ಸಂದಿದೆ. ಕಳೆದ ಶತಮಾನವು ಮುಗಿದು ಹೊಸದು ಮೊದಲಾಗುವ ಸಂಧಿಕಾಲದಲ್ಲಿ ‘ಭೂಮಿ’ ಯೋಜನೆಯು ರಾಜ್ಯದ 177 ತಾಲೂಕುಗಳ ಸುಮಾರು ಎರಡು ಕೋಟಿ ಪಹಣಿಗಳನ್ನು ತಲಾಠಿಗಳ ದಫ್ತರದಿಂದ ತೆಗೆದು ಗಣಕಕ್ಕೆ ಏರಿಸಿತು. ತರುವಾಯ ‘ಕೆಸ್ವಾನ್’ ಎಂದು ಕರೆಯಲ್ಪಡುವ ರಾಜ್ಯವ್ಯಾಪಿ ಜಾಲವು ತಾಲೂಕು ಕಚೇರಿಗಳನ್ನು ಜಿಲ್ಲಾ ಕೇಂದ್ರಕ್ಕೂ ಜಿಲ್ಲಾ ಕೇಂದ್ರಗಳನ್ನು ಬೆಂಗಳೂರಿಗೂ ಜೋಡಿಸಿತು. ಅದರ ಬೆನ್ನಿಗೆ, ಕೇಂದ್ರ ಸರ್ಕಾರವು 2011ರಲ್ಲಿ ಒಪ್ಪಿಗೆಯಿತ್ತು ಮುಂದೆ ‘ಭಾರತ್‌ನೆಟ್’ ಎಂದು ಹೆಸರಾದ ಯೋಜನೆಯು ಗ್ರಾಮ ಪಂಚಾಯತಿಗಳ ಬಾಗಿಲವರೆಗೆ ಗಾಜಿನ ಎಳೆಯನ್ನು ಹಾಸತೊಡಗಿತು. ಹೀಗಾಗಿ ಇಂದು ಉತಾರವಾಗಲಿ, ಜಾತಿ ಆದಾಯಗಳ ಪ್ರಮಾಣಪತ್ರವಾಗಲಿ, ರೇಷನ್ ಅಂಗಡಿಯಲ್ಲಿ ಒತ್ತುವ ಹೆಬ್ಬೆಟ್ಟಾಗಲಿ, ಹೊಲದ ಖರೀದಿಪತ್ರದ ನೋಂದಣಿಯಾಗಲಿ, ದೂರದಲ್ಲಿರುವ ಯಾವುದೋ ಯಂತ್ರವನ್ನು ಕೇಳಿ ಅದರ ಉತ್ತರವನ್ನು ಪಡೆಯದೆ ಮುಗಿಯುವ ಕೆಲಸಗಳಾಗಿ ಉಳಿದಿಲ್ಲ.

ಆ ಉತ್ತರವು ತಡವಾದಾಗ ಕಿಟಕಿಯ ಒಳಗಿನಿಂದ ಬರುವ ಮಾತು ಬಹುಮಟ್ಟಿಗೆ ಒಂದೇ: “ಸರ್ವರ್ ಇಲ್ರಿ ಅಜ್ಜಾರ, ನಾಳಿ ಮುಂಜಾನೆ ಬರ್ರಿ.” ಹೊಲದ ಕೆಲಸವನ್ನು ಬಿಟ್ಟು, ಬಸ್ಸಿನ ಖರ್ಚನ್ನು ಹೊತ್ತು, ಬಿಸಿಲಿನಲ್ಲಿ ಸರದಿ ನಿಂತು ಬಂದ ಆ ಹಿರಿಯನಿಗೆ ಈ ಮಾತಿನ ಮೇಲೆ ಮರುಪ್ರಶ್ನೆ ಹಾಕುವ ದಾರಿಯಿಲ್ಲ. ಮಾತನ್ನಾಡಿದ ಆಪರೇಟರನೂ ಸುಳ್ಳು ಹೇಳಿದನೆಂದು ನಾನು ಭಾವಿಸಲಾರೆ. ಪರದೆಯ ಮೇಲೆ ಚಕ್ರವೊಂದು ಸುಮ್ಮನೆ ತಿರುಗುತ್ತಿರುವುದನ್ನಲ್ಲದೆ ಬೇರೇನನ್ನೂ ಅವನು ಕಾಣನು. ಆದರೆ ಆ ಪರದೆಗೂ ಸರ್ವರಿಗೂ ನಡುವೆ ಹತ್ತಾರು ಯಂತ್ರಗಳೂ ನೂರಾರು ಕಿಲೋಮೀಟರುಗಳ ತಂತಿಯೂ ಇರುವುದರಿಂದ ವಿಳಂಬವು ಅವುಗಳಲ್ಲಿ ಎಲ್ಲಿ ಬೇಕಾದರೂ ಹುಟ್ಟಿರಬಹುದು. ಹುಟ್ಟಿದ ಸ್ಥಳವನ್ನು ಬೆರಳಿಟ್ಟು ತೋರಿಸುವ ವಿದ್ಯೆಯೂ ಉಂಟು. ಆ ವಿದ್ಯೆಗೆ ಬೇಕಾದ ಮುಖ್ಯ ಸಾಧನಗಳು ಪ್ರತಿಯೊಂದು ಗಣಕದಲ್ಲಿಯೂ ಮೊದಲೇ ಅಡಕವಾಗಿವೆ. ವಿಳಂಬದ ಸ್ಥಾನವನ್ನು ಹುಡುಕದೆಯೇ ತೀರ್ಪು ಕೊಡುವ ಅಭ್ಯಾಸವು ನಮ್ಮ ಕಚೇರಿಗಳಲ್ಲಿ ಬೇರೂರಿರುವುದರಿಂದ, ಅರ್ಧ ಗಂಟೆಯಲ್ಲಿ ಸರಿಯಾಗಬಹುದಾದ ದೋಷವು ತಿಂಗಳುಗಟ್ಟಲೆ ಹಾಗೆಯೇ ನಿಲ್ಲುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದು ಕೋರಿಕೆಯ ಪ್ರಯಾಣವನ್ನು ಮೊದಲು ನೋಡೋಣ. ರಾಮದುರ್ಗದ ಗಣಕದಲ್ಲಿ ಸರ್ವೇ ನಂಬರೊಂದನ್ನು ಬರೆದು ಗುಂಡಿ ಒತ್ತಿದೊಡನೆ ಆ ಕೋರಿಕೆಯು ‘ಪ್ಯಾಕೆಟ್’ ಎಂಬ ಸಣ್ಣ ಕಟ್ಟುಗಳಾಗಿ ಹೊರಡುತ್ತದೆ. ಒಂದು ಕಟ್ಟಿನ ಗಾತ್ರವು ಸಾಮಾನ್ಯವಾಗಿ 1500 ಬೈಟುಗಳನ್ನು ಮೀರದು. ಪ್ರತಿಯೊಂದರ ಮೇಲೂ ತಲುಪಬೇಕಾದ ಯಂತ್ರದ ವಿಳಾಸವು ಅಂಕಿಗಳಲ್ಲಿ ಬರೆದಿರುತ್ತದೆ. ಕಚೇರಿಯ ಸ್ವಿಚ್ಚನ್ನು ದಾಟಿದ ಕಟ್ಟು ರೌಟರನ್ನು ಸೇರುತ್ತದೆ. ರೌಟರು ವಿಳಾಸವನ್ನು ಓದಿ, ತನ್ನಲ್ಲಿರುವ ಪಟ್ಟಿಯನ್ನು ನೋಡಿ, ಮುಂದಿನ ರೌಟರಿನ ಕಡೆಗೆ ಅದನ್ನು ಸಾಗಿಸುತ್ತದೆ. ದಾರಿಯಲ್ಲಿರುವ ಯಾವ ರೌಟರಿಗೂ ಇಡೀ ಮಾರ್ಗವು ಗೊತ್ತಿರಬೇಕೆಂಬ ನಿಯಮವಿಲ್ಲ; ಮುಂದಿನ ಒಂದು ಹೆಜ್ಜೆಯನ್ನು ಬಲ್ಲುದಾದರೆ ಸಾಕು. ಹೋದ ದಾರಿಯಲ್ಲಿಯೇ ಉತ್ತರವು ಹಿಂದಿರುಗಬೇಕೆಂಬ ನಿರ್ಬಂಧವೂ ಇಲ್ಲದಿರುವುದರಿಂದ, ಹೋಗುವ ಮಾರ್ಗವು ನಿರ್ಮಲವಾಗಿದ್ದು ಬರುವ ಮಾರ್ಗದಲ್ಲಿ ಮಾತ್ರ ದಟ್ಟಣೆಯಿರುವ ಸಂದರ್ಭಗಳೂ ಉಂಟು.

ಇಲ್ಲಿ ಎರಡು ಪರಿಮಾಣಗಳನ್ನು ಬೇರ್ಪಡಿಸಿ ಅರಿಯಬೇಕು. ಸವದತ್ತಿ ತಾಲೂಕಿನ ನವಿಲುತೀರ್ಥದ ಅಣೆಕಟ್ಟಿನಿಂದ ಹೊರಡುವ ಮಲಪ್ರಭೆಯ ಕಾಲುವೆಯನ್ನು ಬಲ್ಲವರಿಗೆ ಈ ಭೇದವು ಸುಲಭವಾಗಿ ಹೊಳೆಯುವುದು: ಕಾಲುವೆಯ ಅಗಲವು ಕ್ಷಣಕ್ಕೆ ಎಷ್ಟು ನೀರು ಹರಿಯಬಲ್ಲುದೆಂಬುದನ್ನು ನಿರ್ಣಯಿಸುತ್ತದೆ, ಗೇಟನ್ನು ಎತ್ತಿದ ಮೇಲೆ ಕಟ್ಟಕಡೆಯ ಹೊಲಕ್ಕೆ ಮೊದಲ ನೀರು ಮುಟ್ಟಲು ಹಿಡಿಯುವ ಹೊತ್ತು ಬೇರೆಯೇ ಲೆಕ್ಕ, ಅಗಲವನ್ನು ಇಮ್ಮಡಿಗೊಳಿಸಿದ ಮಾತ್ರಕ್ಕೆ ಆ ಹೊತ್ತು ಅರ್ಧವಾಗುವುದಿಲ್ಲ. ಜಾಲದಲ್ಲಿ ಮೊದಲನೆಯದು ಬ್ಯಾಂಡ್‌ವಿಡ್ತ್, ಎರಡನೆಯದು ಲೇಟೆನ್ಸಿ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಸಾಗುವುದು. ಬೆಳಗಾವಿಯಿಂದ ಬೆಂಗಳೂರಿಗೆ ಸುಮಾರು 500 ಕಿಲೋಮೀಟರು. ಆದುದರಿಂದ ಹೋಗಿ ಬರುವುದಕ್ಕೆ ಬೆಳಕಿಗೆ ಬೇಕಾದುದು 5 ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಇನ್ನೂರನೆಯ ಒಂದು ಭಾಗ. ಎಳೆಯು ನೇರವಾಗಿ ಹೋಗದೆ ಬಳಸಿ ಹೋಗುವುದರಿಂದಲೂ ನಡುವಣ ರೌಟರುಗಳು ತಮ್ಮ ಪಾಲನ್ನು ಸೇರಿಸುವುದರಿಂದಲೂ ಇದು ನಾಲ್ಕಾರು ಪಟ್ಟು ಹೆಚ್ಚಿದರೆ ಆಶ್ಚರ್ಯವಿಲ್ಲ. ಅದೇ ಕೋರಿಕೆಯು ಭೂಮಿಯಿಂದ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುವ ಉಪಗ್ರಹದ ಮೂಲಕ ಹೋಗಿ ಬರುವುದಾದರೆ ಅರ್ಧ ಸೆಕೆಂಡಿನ ಹತ್ತಿರ ಹಿಡಿಯುತ್ತದೆ. ಯಾವ ಹಣದಿಂದಲೂ ಅದನ್ನು ಕಡಿಮೆ ಮಾಡಲಾಗದು. ಆದರೆ ನೆಲದ ಮೇಲಿನ ಎಳೆಯಲ್ಲಿ ಬೆಂಗಳೂರಿನ ಉತ್ತರವು 800 ಮಿಲಿಸೆಕೆಂಡು ತೆಗೆದುಕೊಂಡಿತೆಂದರೆ, ದೂರವನ್ನು ದೂರುವ ಮಾತೇ ಇಲ್ಲ. ನಡುವೆ ಎಲ್ಲಿಯೋ ಕಟ್ಟುಗಳು ಸರದಿ ನಿಂತಿವೆ, ಅಥವಾ ಎಲ್ಲಿಯೋ ಸೋರಿಹೋಗುತ್ತಿವೆ. ‘ನೆಟ್ ನಿಧಾನ’ ಎಂದೊಡನೆ ಹೆಚ್ಚಿನ ಬಾಡಿಗೆಯ ಪ್ಲ್ಯಾನಿಗೆ ಬದಲಾಯಿಸುವ ಸಂಸ್ಥೆಗಳು ಈ ಭೇದವನ್ನು ಮೊದಲು ವಿವೇಚಿಸಿದರೆ ಎಷ್ಟೋ ಹಣ ಉಳಿಯುವುದು.

ಹುಡುಕಾಟದ ಮೊದಲ ಸಾಧನವು ಯಂತ್ರವೇ ಅಲ್ಲ, ಹೋಲಿಕೆ. ತಾಲೂಕುಗಳ ದಾರಿಗಳು ಬೆಳಗಾವಿಯಲ್ಲಿ ಕೂಡಿ ಬೆಂಗಳೂರಿನ ಕಡೆಗೆ ಹೋಗುವ ಕೆಸ್ವಾನಿನಂಥ ಜಾಲದಲ್ಲಿ, ಈ ನಾಲ್ಕು ಊರುಗಳು ಒಂದಕ್ಕೊಂದು ಸಾಕ್ಷಿಯಾಗಬಲ್ಲವು. ಮುಂಜಾನೆ ಹನ್ನೊಂದಕ್ಕೆ ಸವದತ್ತಿಯಲ್ಲಿ ನಿಧಾನವಾಗಿದ್ದು, ಅದೇ ನಿಮಿಷದಲ್ಲಿ ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳಲ್ಲಿ ಅದೇ ಪುಟವು ತಡವಿಲ್ಲದೆ ತೆರೆದುಕೊಂಡರೆ, ಸರ್ವರಿನ ಮೇಲಿನ ಆರೋಪವು ಅಲ್ಲಿಗೆ ಬಿದ್ದುಹೋಗುತ್ತದೆ. ದೋಷವು ಸವದತ್ತಿಯ ಒಳಗೆ ಅಥವಾ ಸವದತ್ತಿಯಿಂದ ಬೆಳಗಾವಿಯವರೆಗಿನ ದಾರಿಯಲ್ಲಿ ಇರತಕ್ಕದ್ದು. ನಾಲ್ಕೂ ಕಡೆ ಒಟ್ಟಿಗೆ ನಿಧಾನವಾದರೆ ಬೆಳಗಾವಿಯನ್ನೋ ಅದರಾಚೆಯನ್ನೋ ಸಂಶಯಿಸಬೇಕು. ಒಂದೇ ಕಚೇರಿಯಲ್ಲಿ ಒಂದು ಕೋಣೆಯವರಿಗೆ ಮಾತ್ರ ತೊಂದರೆಯಾಗಿದ್ದರೆ ಬೆಳಗಾವಿಗೆ ಫೋನು ಮಾಡುವ ಅಗತ್ಯವೇ ಇಲ್ಲ. ಆ ಕೋಣೆಯ ಸ್ವಿಚ್ಚನ್ನೂ ಕೇಬಲ್ಲನ್ನೂ ನೋಡಿದರಾಯಿತು. ಹಾಗೆಯೇ ಒಂದು ತಂತ್ರಾಂಶ ಮಾತ್ರ ನಿಧಾನವಾಗಿದ್ದು ಉಳಿದೆಲ್ಲವೂ ಸರಾಗವಾಗಿದ್ದರೆ ಆಗ ನಿಜವಾಗಿಯೂ ಸರ್ವರಿನ ಕಡೆ ನೋಡಬೇಕಾಗುತ್ತದೆ. ಸರ್ವರುಗಳು ತಡವರಿಸುವುದೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಯಾರಿಗೆ, ಎಲ್ಲಿ, ಯಾವ ಹೊತ್ತಿನಲ್ಲಿ, ಯಾವ ಕೆಲಸಕ್ಕೆ ಎಂಬ ಪ್ರಶ್ನೆಗಳಿಗೆ ಪ್ರಾಮಾಣಿಕವಾದ ಉತ್ತರ ದೊರೆತರೆ ಅರ್ಧ ಶೋಧನೆಯು ಮುಗಿದಂತೆಯೇ.

ತರುವಾಯ ಅಳತೆ. 1983ರ ಡಿಸೆಂಬರಿನಲ್ಲಿ ಅಮೆರಿಕದ ಸೈನ್ಯದ ಬ್ಯಾಲಿಸ್ಟಿಕ್ ಸಂಶೋಧನಾಲಯದಲ್ಲಿದ್ದ ಮೈಕ್ ಮೂಸ್ ಎಂಬ ತಜ್ಞನು ತನ್ನ ಜಾಲದ ವಿಚಿತ್ರ ನಡವಳಿಕೆಯನ್ನು ಅರಿಯುವುದಕ್ಕಾಗಿ ‘ಪಿಂಗ್’ ಎಂಬ ಪುಟ್ಟ ಪ್ರೋಗ್ರಾಮನ್ನು ಬರೆದನು. ಅದು ಮಾಡುವುದು ಇಷ್ಟೆ: ಒಂದು ಯಂತ್ರಕ್ಕೆ ಸಣ್ಣ ಕಟ್ಟೊಂದನ್ನು ಕಳುಹಿಸಿ, ಅದು ಮರಳುವವರೆಗಿನ ಕಾಲವನ್ನು ಮಿಲಿಸೆಕೆಂಡುಗಳಲ್ಲಿ ತೋರಿಸುವುದು, ಮರಳದಿದ್ದರೆ ಕಳೆದುಹೋಯಿತೆಂದು ಹೇಳುವುದು. ಇದನ್ನು ಹತ್ತಿರದಿಂದ ದೂರಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಬಳಸಬೇಕು. ಮೊದಲು ನಿಮ್ಮದೇ ಕಚೇರಿಯ ರೌಟರಿಗೆ ಪಿಂಗ್ ಮಾಡಿರಿ. ಕೇಬಲ್ಲಿನ ಮೂಲಕವಾದರೆ ಉತ್ತರವು ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿರಬೇಕು. ಅಲ್ಲಿಯೇ ಒಮ್ಮೆ 2, ಒಮ್ಮೆ 180, ಒಮ್ಮೆ 40 ಎಂದು ಅಂಕಿಗಳು ಕುಣಿಯುತ್ತಿದ್ದರೆ ವಿಳಂಬವು ನಿಮ್ಮ ಗೋಡೆಗಳ ಒಳಗೇ ಇದೆ, ಬಹುಶಃ ವೈಫೈನಲ್ಲಿ. ಅಲ್ಲಿ ಎಲ್ಲವೂ ಸರಿಯಾಗಿದ್ದರೆ ಮುಂದಿನ ರೌಟರು, ಅದರ ಮುಂದೆ ಜಿಲ್ಲಾ ಕೇಂದ್ರ, ಕೊನೆಗೆ ಬೆಂಗಳೂರು. ವಿಂಡೋಸ್ ಗಣಕವು ತಾನಾಗಿ ನಾಲ್ಕು ಸಲ ಮಾತ್ರ ಕಳುಹಿಸಿ ನಿಲ್ಲಿಸುತ್ತದೆ. ನಾಲ್ಕರಿಂದ ಯಾವ ನಿರ್ಣಯಕ್ಕೂ ಬರಲಾಗದು. ಇನ್ನೂರು ಮುನ್ನೂರು ಸಲ ಕಳುಹಿಸಿ, ಎಷ್ಟು ಕಳೆದುಹೋದವೆಂಬುದನ್ನೂ ಅತಿ ಕಡಿಮೆ ಅತಿ ಹೆಚ್ಚಿನ ಕಾಲಗಳನ್ನೂ ಗುರುತಿಸಿಕೊಳ್ಳಬೇಕು. ಕೆಲವು ಸರ್ವರುಗಳು ರಕ್ಷಣೆಯ ದೃಷ್ಟಿಯಿಂದ ಪಿಂಗಿಗೆ ಉತ್ತರವನ್ನೇ ಕೊಡವು. ಅವುಗಳ ಮೌನವನ್ನು ಮರಣವೆಂದು ತಿಳಿಯಬಾರದು.

ಪಿಂಗ್ ಸರಿಯಾಗಿದ್ದೂ ಕೆಲಸ ಮಾತ್ರ ತೆವಳುವ ಒಂದು ದೋಷವುಂಟು. ಹಳೆಯ ಉಪಕರಣಗಳಿರುವ ಕಚೇರಿಗಳಲ್ಲಿ ಅದು ವರ್ಷಾನುಗಟ್ಟಲೆ ಅಡಗಿ ಕುಳಿತಿರಬಲ್ಲುದಾದ್ದರಿಂದ ಅದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಯುಕ್ತ. ಸ್ವಿಚ್ಚು ಮತ್ತು ರೌಟರುಗಳನ್ನು ಕೇಬಲ್ಲಿನಿಂದ ಜೋಡಿಸಿದಾಗ, ಏಕಕಾಲದಲ್ಲಿ ಎರಡೂ ಕಡೆಯಿಂದ ಕಳುಹಿಸಬಹುದೇ, ಅಥವಾ ಒಬ್ಬರು ಕಳುಹಿಸುವಾಗ ಮತ್ತೊಬ್ಬರು ಸುಮ್ಮನಿರಬೇಕೇ ಎಂಬುದನ್ನು ಅವೆರಡೂ ತಮ್ಮೊಳಗೆ ಒಪ್ಪಂದ ಮಾಡಿಕೊಳ್ಳುತ್ತವೆ. ಮೊದಲನೆಯದು ಫುಲ್ ಡ್ಯೂಪ್ಲೆಕ್ಸ್, ಎರಡನೆಯದು ಹಾಫ್ ಡ್ಯೂಪ್ಲೆಕ್ಸ್. ಯಾರೋ ಒಬ್ಬರು ಒಳ್ಳೆಯ ಉದ್ದೇಶದಿಂದಲೇ ಒಂದು ಕಡೆಯ ಯಂತ್ರದಲ್ಲಿ ‘100 ಮೆಗಾಬಿಟ್, ಫುಲ್’ ಎಂದು ಖಾಯಂ ಮಾಡಿ, ಮತ್ತೊಂದು ಕಡೆಯನ್ನು ‘ಆಟೋ’ದಲ್ಲಿ ಬಿಟ್ಟರೆನ್ನಿ. ಖಾಯಂ ಮಾಡಿದ ಯಂತ್ರವು ಒಪ್ಪಂದದ ಮಾತುಕತೆಯನ್ನು ನಿಲ್ಲಿಸುತ್ತದೆ. ಆಟೋ ಕಡೆಯ ಯಂತ್ರವು ವೇಗವನ್ನೇನೋ ಊಹಿಸಿಕೊಳ್ಳುತ್ತದೆ, ಆದರೆ ಮಾತುಕತೆಯಾಗದ ಕಾರಣ ನಿಯಮದಂತೆ ಹಾಫ್ ಡ್ಯೂಪ್ಲೆಕ್ಸಿಗೆ ಇಳಿಯುತ್ತದೆ. ಈಗ ಒಂದು ಕಡೆಯ ಯಂತ್ರವು ಎದುರಿಗಿನವನನ್ನು ಲೆಕ್ಕಿಸದೆ ಕಳುಹಿಸುತ್ತಿದ್ದರೆ, ಇನ್ನೊಂದು ಅದನ್ನು ಡಿಕ್ಕಿಯೆಂದು ಬಗೆದು ತಾನು ಕಳುಹಿಸುತ್ತಿದ್ದುದನ್ನು ಅರ್ಧಕ್ಕೇ ಕೈಬಿಡುತ್ತದೆ. ದೀಪಗಳು ಹಸುರಾಗಿಯೇ ಬೆಳಗುತ್ತಿರುತ್ತವೆ. ಒಂದೊಂದಾಗಿ ಹೋಗುವ ಪಿಂಗಿನ ಸಣ್ಣ ಕಟ್ಟುಗಳಿಗೆ ಎದುರಿನಿಂದ ಬರುವವರಿಲ್ಲದ ಕಾರಣ ಅವು ನಿರಾತಂಕವಾಗಿ ಹೋಗಿ ಬರುತ್ತವೆ. ದೊಡ್ಡ ಕಡತವೊಂದನ್ನು ಏರಿಸಹೊರಟಾಗ ಮಾತ್ರ ಎಲ್ಲವೂ ಕುಂಟತೊಡಗುತ್ತದೆ. ಸ್ವಿಚ್ಚಿನ ಒಳಗಿನ ಎಣಿಕೆಗಳನ್ನು ತೆರೆದು ನೋಡುವವನಿಗೆ, ಒಂದು ಕಡೆ ‘ಲೇಟ್ ಕೊಲಿಶನ್’ ಎಂಬ ಸಾಲಿನಲ್ಲಿಯೂ ಮತ್ತೊಂದು ಕಡೆ ‘ಸಿಆರ್‌ಸಿ ಎರರ್’ ಎಂಬ ಸಾಲಿನಲ್ಲಿಯೂ ಅಂಕಿಗಳು ನಿಮಿಷ ನಿಮಿಷಕ್ಕೆ ಏರುತ್ತಿರುವುದು ಕಾಣುತ್ತದೆ. ಎರಡೂ ಕಡೆ ಆಟೋ ಮಾಡಿದರೆ ರೋಗವು ಅಲ್ಲಿಗೆ ಮುಗಿಯಿತು. ಗಿಗಾಬಿಟ್ ವೇಗದ ತಾಮ್ರದ ಕೇಬಲ್ಲುಗಳಲ್ಲಿ ಮಾತುಕತೆಯು ಕಡ್ಡಾಯವಾಗಿರುವುದರಿಂದ ಈ ದೋಷವು ಈಗ ವಿರಳವಾಗುತ್ತಿದೆ. ಆದರೆ ಅಲ್ಲಿ ಕೇಬಲ್ಲಿನ ನಾಲ್ಕೂ ಜೋಡಿ ತಂತಿಗಳು ಸುಸ್ಥಿತಿಯಲ್ಲಿರಬೇಕಾಗುತ್ತದೆ. ಇಲಿಯು ಒಂದು ಜೋಡಿಯನ್ನು ಕಡಿದಿತೆಂದರೆ, ಎರಡೇ ಜೋಡಿಯಲ್ಲಿ ನಡೆಯಬಲ್ಲ 100 ಮೆಗಾಬಿಟ್ಟಿಗೆ ಸಂಪರ್ಕವು ಯಾರಿಗೂ ಹೇಳದೆ ಇಳಿದುಬಿಡಬಹುದು.

ದಾರಿಯ ಪ್ರತಿಯೊಂದು ನಿಲುಗಡೆಯನ್ನೂ ಹೆಸರು ಹಿಡಿದು ಕೇಳುವ ಸಾಧನವು ಟ್ರೇಸ್‌ರೌಟ್. ವಿಂಡೋಸಿನಲ್ಲಿ ಅದರ ಹೆಸರು ಟ್ರೇಸರ್ಟ್. 1980ರ ದಶಕದ ಕೊನೆಯ ವರ್ಷಗಳಲ್ಲಿ ಇದನ್ನು ರಚಿಸಿದವನು ವ್ಯಾನ್ ಜೇಕಬ್ಸನ್. ಪ್ರತಿ ಕಟ್ಟಿನ ಮೇಲೂ ಅದಕ್ಕೆ ಉಳಿದಿರುವ ಹೆಜ್ಜೆಗಳ ಒಂದು ಅಂಕಿಯಿರುತ್ತದೆ. ಪ್ರತಿ ರೌಟರೂ ಅದರಿಂದ ಒಂದನ್ನು ಕಳೆಯುತ್ತದೆ. ಸೊನ್ನೆಯಾದಾಗ ಕಟ್ಟನ್ನು ಎಸೆದು, ಕಳುಹಿಸಿದವನಿಗೆ ಆ ಸುದ್ದಿಯನ್ನು ತಿಳಿಸುತ್ತದೆ. ದಾರಿತಪ್ಪಿದ ಕಟ್ಟುಗಳು ಅನಂತವಾಗಿ ಸುತ್ತದಿರಲೆಂದು ಮಾಡಿದ ಈ ವ್ಯವಸ್ಥೆಯನ್ನು ಜೇಕಬ್ಸನ್ ಬೇರೊಂದು ಕಾರ್ಯಕ್ಕೆ ತಿರುಗಿಸಿದನು: ಮೊದಲು ಒಂದು ಹೆಜ್ಜೆಯ ಆಯುಸ್ಸು, ಆಮೇಲೆ ಎರಡು, ಮೂರು ಎಂದು ಕೊಡುತ್ತ ಹೋದರೆ ದಾರಿಯ ರೌಟರುಗಳು ಒಂದೊಂದಾಗಿ ತಮ್ಮ ವಿಳಾಸವನ್ನು ತಾವೇ ಹೇಳಿಕೊಳ್ಳುತ್ತವೆ.

ಈ ಪಟ್ಟಿಯನ್ನು ಓದುವಾಗ ಕಲಿತವರೂ ಎಡವುತ್ತಾರೆ. ಮೂರನೆಯ ನಿಲುಗಡೆ 6 ಮಿಲಿಸೆಕೆಂಡು, ನಾಲ್ಕನೆಯದು 220, ಐದನೆಯದು 9, ಆರನೆಯದು 14 ಎಂದು ಬಂದಿತೆನ್ನೋಣ. ನಾಲ್ಕನೆಯ ರೌಟರೇ ಅಪರಾಧಿಯೆಂದು ಕೂಗುವುದು ಸಹಜ. ಆದರೆ ಅದು ತಪ್ಪು. ಐದನೆಯದಕ್ಕೂ ಆರನೆಯದಕ್ಕೂ ಹೋದ ಕಟ್ಟುಗಳು ಆ ನಾಲ್ಕನೆಯ ರೌಟರನ್ನು ದಾಟಿಯೇ ಹೋಗಿ ಬಂದಿವೆಯಲ್ಲವೇ? ರೌಟರು ತನ್ನನ್ನು ಹಾದುಹೋಗುವ ಕಟ್ಟುಗಳನ್ನು ಕ್ಷಣಾರ್ಧದಲ್ಲಿ ದಾಟಿಸುತ್ತದೆ. ತಾನೇ ಉತ್ತರ ಬರೆಯಬೇಕಾದ ಇಂಥ ವಿಚಾರಣೆಗಳಿಗೆ ಬಿಡುವಾದಾಗ ಮಾತ್ರ ಗಮನ ಕೊಡುತ್ತದೆ. ನಾಲ್ಕನೆಯದು 220, ಐದನೆಯದು 224, ಆರನೆಯದು 231 ಎಂದು ಹೆಚ್ಚಳವು ಕೊನೆಯವರೆಗೂ ಮುಂದುವರಿದರೆ ಮಾತ್ರ ಮೂರಕ್ಕೂ ನಾಲ್ಕಕ್ಕೂ ನಡುವಿನ ತುಂಡಿನ ಮೇಲೆ ಸಂಶಯವು ನ್ಯಾಯವಾದುದು. ಆಗಲೂ ದಟ್ಟಣೆಯು ಹಿಂದಿರುಗುವ ದಾರಿಯಲ್ಲಿರಬಹುದೆಂಬುದನ್ನು ಮರೆಯಬಾರದು. ಈ ಒಂದು ನಿಯಮವನ್ನು ಅರಿಯದೆ ಬರೆದ ದೂರುಗಳು ದೂರವಾಣಿ ಸಂಸ್ಥೆಗಳ ಮೇಜಿನ ಮೇಲೆ ಮಾನ್ಯತೆಯನ್ನು ಕಳೆದುಕೊಳ್ಳುತ್ತವೆ.

ಕಟ್ಟುಗಳು ಕಳೆದುಹೋಗುವುದರ ಪರಿಣಾಮವನ್ನು ಜನರು ಅಲ್ಪವೆಂದು ಎಣಿಸುತ್ತಾರೆ. ನೂರಕ್ಕೆ ಒಂದು ಹೋದರೆ ವೇಗವೂ ನೂರಕ್ಕೆ ಒಂದರಷ್ಟೇ ಕುಗ್ಗಬೇಕಲ್ಲವೇ ಎಂಬುದು ಅವರ ಲೆಕ್ಕ. ಆದರೆ ಕಟ್ಟು ಕಳೆದುಹೋದುದನ್ನು ಗಣಕವು ದಾರಿಯಲ್ಲಿ ದಟ್ಟಣೆಯಾಗಿರುವುದರ ಸೂಚನೆಯೆಂದು ಗ್ರಹಿಸಿ ತನ್ನ ಕಳುಹಿಸುವಿಕೆಯನ್ನು ಅರ್ಧಕ್ಕೆ ಇಳಿಸಿ, ಮತ್ತೆ ಮೆಲ್ಲನೆ ಏರುತ್ತದೆ. 1997ರಲ್ಲಿ ಮ್ಯಾಥ್ಯೂ ಮ್ಯಾಥಿಸ್ ಮತ್ತು ಸಂಗಡಿಗರು ಪ್ರಕಟಿಸಿದ ಸೂತ್ರದ ಪ್ರಕಾರ, ಹೋಗಿ ಬರುವ ಕಾಲವು 50 ಮಿಲಿಸೆಕೆಂಡಿದ್ದು ನೂರಕ್ಕೆ ಒಂದು ಕಟ್ಟು ಕಳೆದುಹೋಗುತ್ತಿದ್ದರೆ, ಒಂದು ಸಂಪರ್ಕಕ್ಕೆ ದೊರೆಯುವುದು ಸೆಕೆಂಡಿಗೆ ಸುಮಾರು 3 ಮೆಗಾಬಿಟ್ ಮಾತ್ರ. ಲೈನು 100 ಮೆಗಾಬಿಟ್ಟಿನದಾದರೂ ಅಷ್ಟೇ. ಇತ್ತೀಚಿನ ಕೆಲವು ವಿಧಾನಗಳು ಇದಕ್ಕಿಂತ ಜಾಣತನದಿಂದ ವರ್ತಿಸುತ್ತವೆಯಾದರೂ, ಸೋರುವ ಲೈನಿನ ಮೇಲೆ ಬಾಡಿಗೆ ಹೆಚ್ಚಿಸಿ ಪ್ರಯೋಜನವಿಲ್ಲವೆಂಬ ಮಾತು ಇಂದಿಗೂ ಸತ್ಯ.

ಗಣಕಗಳು ಹೀಗೆ ಹಿಂಜರಿಯುವುದನ್ನು ಕಲಿತದ್ದು ಒಂದು ದೊಡ್ಡ ವಿಪತ್ತಿನ ತರುವಾಯ. 1986ರ ಅಕ್ಟೋಬರಿನಲ್ಲಿ, ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಅದರಿಂದ ಕೇವಲ 400 ಗಜ ದೂರದಲ್ಲಿದ್ದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಜಾಲದ ವೇಗವು ಸೆಕೆಂಡಿಗೆ 32,000 ಬಿಟ್ಟುಗಳಿಂದ 40 ಬಿಟ್ಟುಗಳಿಗೆ, ಎಂದರೆ 800ರಲ್ಲಿ ಒಂದು ಭಾಗಕ್ಕೆ ಕುಸಿಯಿತು. ಯಾವ ತಂತಿಯೂ ತುಂಡಾಗಿರಲಿಲ್ಲ; ಯಾವ ಯಂತ್ರವೂ ಕೆಟ್ಟಿರಲಿಲ್ಲ. ಉತ್ತರ ಬಾರದಿದ್ದುದನ್ನು ಕಂಡ ಪ್ರತಿಯೊಂದು ಗಣಕವೂ ತನ್ನ ಕಟ್ಟುಗಳನ್ನು ಮತ್ತೆ ಮತ್ತೆ ಕಳುಹಿಸತೊಡಗಿದ್ದರಿಂದ, ದಾರಿಯ ಪೂರ್ತಿ ಈ ಮರುಪ್ರತಿಗಳೇ ತುಂಬಿಕೊಂಡು, ಹೊಸದಾಗಿ ಹೋಗಬೇಕಾದವುಗಳಿಗೆ ಜಾಗವಿಲ್ಲದಂತಾಗಿತ್ತು. ಜೇಕಬ್ಸನ್ ತನ್ನ ಸಹೋದ್ಯೋಗಿ ಮೈಕೆಲ್ ಕ್ಯಾರಲ್ಸ್‌ನೊಡನೆ ಈ ಕುಸಿತವನ್ನು ಅಭ್ಯಸಿಸಿ, ಕಳುಹಿಸುವವನು ಮೆಲ್ಲನೆ ಆರಂಭಿಸಿ, ನಷ್ಟದ ಸುಳಿವು ಸಿಕ್ಕೊಡನೆ ತಗ್ಗಬೇಕೆಂಬ ನಿಯಮಗಳನ್ನು 1988ರಲ್ಲಿ ಪ್ರಕಟಿಸಿದನು. ಜಗತ್ತಿನ ಜಾಲವು ಇಂದಿನವರೆಗೆ ಕುಸಿಯದೆ ನಿಂತಿರುವುದರಲ್ಲಿ ಆ ನಿಯಮಗಳ ಪಾಲು ಬಹಳ ದೊಡ್ಡದು. ಪರದೆಯ ಚಕ್ರವು ತಿರುಗುತ್ತಿರುವಾಗ ಅದೇ ಗುಂಡಿಯನ್ನು ಹತ್ತು ಸಲ ಒತ್ತುವ ನಮ್ಮ ಆತುರವು ಆ ಹಳೆಯ ವಿಪತ್ತನ್ನು ಸಣ್ಣ ಪ್ರಮಾಣದಲ್ಲಿ ಮರಳಿ ಕರೆಯುವಂಥದು. ನಿಯಮಗಳು ಕಟ್ಟುಗಳನ್ನು ತಡೆಯಬಲ್ಲವು, ಬೆರಳುಗಳನ್ನು ತಡೆಯಲಾರವು.

ಕಟ್ಟುಗಳನ್ನು ಕಳೆಯಬಾರದೆಂಬ ಹಠವೂ ಅತಿಯಾದರೆ ಅನರ್ಥವೇ. ರೌಟರು ಮೋಡೆಮ್ಮುಗಳಲ್ಲಿ ಸರದಿ ನಿಲ್ಲಿಸುವ ಸ್ಥಳವನ್ನು ವಿಪರೀತ ದೊಡ್ಡದಾಗಿ ಮಾಡಿದ್ದರಿಂದ, ಕಟ್ಟು ಕಳೆಯದಿದ್ದರೂ ಬಹಳ ಹೊತ್ತು ಕಾಯುವಂತಾಯಿತು. ಜಿಮ್ ಗೆಟಿಸ್ ಎಂಬ ತಜ್ಞನು 2010-11ರಲ್ಲಿ ಇದಕ್ಕೆ ‘ಬಫರ್‌ಬ್ಲೋಟ್’ ಎಂಬ ಹೆಸರಿಟ್ಟು ಲೋಕದ ಗಮನಕ್ಕೆ ತಂದನು. ಪರೀಕ್ಷೆಯು ಸುಲಭ: ಪಿಂಗ್ ಓಡುತ್ತಿರುವಾಗಲೇ ದೊಡ್ಡ ಕಡತವೊಂದನ್ನು ಏರಿಸಿರಿ, 15 ಇದ್ದ ಅಂಕಿಯು 900ಕ್ಕೆ ಜಿಗಿದು, ಏರಿಸುವುದು ಮುಗಿದೊಡನೆ ಇಳಿದರೆ ಸರದಿಯೇ ಕಾರಣ. ಒಬ್ಬ ಸಿಬ್ಬಂದಿಯ ಗಣಕವು ಫೋಟೋಗಳನ್ನು ಏರಿಸುತ್ತಿರುವಾಗ ಇಡೀ ಕಚೇರಿಯ ಕೆಲಸ ನಿಲ್ಲುವುದು ಹೀಗೆ. ಇಂಥ ದಟ್ಟಣೆಯು ಮೊಬೈಲಿನಲ್ಲಿಯೂ ಉಂಟು: ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನರು ಎಲ್ಲಮ್ಮನ ಗುಡ್ಡಕ್ಕೆ ಬಂದಾಗ, ಅಕ್ಟೋಬರ್ 23ರಿಂದ ನಡೆಯುವ ಕಿತ್ತೂರು ಉತ್ಸವದಲ್ಲಿ ಮೈದಾನ ತುಂಬಿದಾಗ, ಒಂದೊಂದು ಮೊಬೈಲ್ ಟವರಿನ ರೇಡಿಯೋ ಶಕ್ತಿಯನ್ನು ಅಲ್ಲಿರುವ ಎಲ್ಲ ಫೋನುಗಳೂ ಹಂಚಿಕೊಳ್ಳಬೇಕು; ಫೋನಿನ ಮೇಲಿನ ಕಡ್ಡಿಗಳು ಸಿಗ್ನಲಿನ ಬಲವನ್ನು ಹೇಳುತ್ತವೆಯೇ ಹೊರತು ಎಷ್ಟು ಜನ ಪಾಲುದಾರರೆಂಬುದನ್ನು ಹೇಳವು.

ಇನ್ನೆರಡು ಗುಪ್ತ ಕಾರಣಗಳು. ಯಾವುದೇ ಹೊಸ ಪುಟವು ತೆರೆಯಲು ಪ್ರತಿ ಸಲವೂ ಐದಾರು ಸೆಕೆಂಡು ತಡೆದು, ಆಮೇಲೆ ಎಲ್ಲವೂ ಸರಸರನೆ ಬಂದರೆ, ಹೆಸರನ್ನು ಅಂಕಿಯ ವಿಳಾಸವನ್ನಾಗಿ ಮಾರ್ಪಡಿಸುವ ಡಿಎನ್‌ಎಸ್ ಯಂತ್ರಗಳಲ್ಲಿ ಮೊದಲನೆಯದು ಸತ್ತಿದ್ದು, ಗಣಕವು ಅದರ ಉತ್ತರಕ್ಕಾಗಿ ಕಾದು ಎರಡನೆಯದನ್ನು ಕೇಳುತ್ತಿರಬಹುದು. ಲಾಗಿನ್ ಪುಟವು ತೆರೆದು, ದಾಖಲೆಯನ್ನು ಏರಿಸುವಾಗ ಮಾತ್ರ ನಿಂತೇಹೋದರೆ ಕಟ್ಟಿನ ಗಾತ್ರವನ್ನು ಪರೀಕ್ಷಿಸಬೇಕು: ಕೆಲವು ಸಂಪರ್ಕಗಳಲ್ಲಿ 1500 ಬೈಟುಗಳ ಕಟ್ಟಿಗೆ ಜಾಗವಿರದೆ 1492ಕ್ಕೆ ಮಾತ್ರ ಇರುತ್ತದೆ, ‘ದೊಡ್ಡದಾಯಿತು, ಚಿಕ್ಕದು ಮಾಡಿ ಕಳುಹಿಸು’ ಎಂಬ ಸೂಚನೆಯನ್ನು ಅತಿ ಎಚ್ಚರಿಕೆಯ ಫೈರ್‌ವಾಲೊಂದು ತಡೆದರೆ, ದೊಡ್ಡ ಕಟ್ಟುಗಳು ಸುದ್ದಿಯಿಲ್ಲದೆ ಅಡಗಿಹೋಗುತ್ತವೆ.

ಕೊನೆಗೆ ನೆಲದ ಮಾತು. ಪಂಚಾಯತಿಗೆ ಬರುವ ಗಾಜಿನ ಎಳೆಯ ತುದಿಯಲ್ಲಿರುವ ಪೆಟ್ಟಿಗೆಯು, ಬೆಳಕಿನ ಶಕ್ತಿಯು ಒಂದು ಮಿಲಿವಾಟಿನ ಐನೂರನೆಯ ಒಂದು ಭಾಗದಷ್ಟಿರುವವರೆಗೂ ಕೆಲಸ ಮಾಡುವಂತೆ ರಚಿತವಾಗಿದೆ. ತಂತ್ರಜ್ಞರು ಇದನ್ನು ಮೈನಸ್ 27 ಡಿಬಿಎಂ ಎನ್ನುತ್ತಾರೆ. ಪ್ರತಿ 3 ಡಿಬಿ ನಷ್ಟಕ್ಕೆ ಬೆಳಕು ಅರ್ಧವಾಗುತ್ತದೆ. ಕನೆಕ್ಟರಿನ ತುದಿಗೆ ಹತ್ತಿದ ಧೂಳು, ಗೋಡೆಯ ಮೂಲೆಯಲ್ಲಿ ಬಿಗಿಯಾಗಿ ಮಡಚಿದ ಎಳೆ, ಅವಸರದಲ್ಲಿ ಮಾಡಿದ ಜೋಡಣೆ ಇವೆಲ್ಲ ಸೇರಿ ಆ ಅಂಚಿಗೆ ಒಯ್ದ ಮೇಲೆ ಸಂಪರ್ಕವು ಪೂರ್ಣವಾಗಿ ಸಾಯದೆ, ಮಧ್ಯೆ ಮಧ್ಯೆ ಕಟ್ಟುಗಳನ್ನು ಕಳೆಯುತ್ತ ನರಳುತ್ತದೆ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಸ್ವಭಾವದ್ದಾದ್ದರಿಂದ, ಅದರಲ್ಲಿ ಹೂತಿಟ್ಟ ಕೊಳವೆಗಳಿಗೂ ಜೋಡಣೆಗಳಿಗೂ ಪ್ರತಿ ವರ್ಷವೂ ಜಗ್ಗಾಟ ತಪ್ಪದು. ರಸ್ತೆ ಅಗಲಿಸುವ ಜೆಸಿಬಿಯಂತೂ ಎಳೆಯನ್ನು ಕೇಳಿ ಅಗೆಯುವುದಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ರಾಮದುರ್ಗದ ಕಡೆಯ ಹಳ್ಳಿಗಳನ್ನು ಮುಳುಗಿಸಿದಂಥ ಪ್ರಸಂಗಗಳನ್ನು ಕಂಡವರು, ನದಿಯ ದಂಡೆಯ ತಾಲೂಕಿಗೆ ಒಂದೇ ಎಳೆಯ ಆಧಾರ ಸಾಲದೆಂಬುದನ್ನು ಒಪ್ಪುವರು. ಇದು ಕಚೇರಿಯ ಆಪರೇಟರನಿಂದಾಗುವ ಕೆಲಸವಲ್ಲ. ಸರ್ಕಾರವೂ ದೂರವಾಣಿ ಸಂಸ್ಥೆಗಳೂ ಮಾಡಬೇಕಾದ ಕೆಲಸ. ಮತ್ತು ಅದನ್ನು ಮಾಡಿಸಿಕೊಳ್ಳಲು ಖಚಿತವಾದ ದಾಖಲೆಯುಳ್ಳ ದೂರಿನಷ್ಟು ಬಲವುಳ್ಳದ್ದು ಬೇರೊಂದಿಲ್ಲ.

ಆದುದರಿಂದ ಈ ನಾಲ್ಕು ತಾಲೂಕುಗಳ ಕಚೇರಿ, ಬ್ಯಾಂಕು, ಕಾಲೇಜು, ಸೇವಾ ಕೇಂದ್ರಗಳಲ್ಲಿ ಗಣಕದ ಮುಂದೆ ಕುಳಿತಿರುವ ತರುಣ ತರುಣಿಯರಲ್ಲಿ ನನ್ನದೊಂದು ವಿನಂತಿ. ಒಂದು ರಜಿಸ್ಟರನ್ನು ತೆರೆಯಿರಿ. ನಿತ್ಯವೂ ಮುಂಜಾನೆ, ಮಧ್ಯಾಹ್ನ, ಸಂಜೆ ನಿಮ್ಮ ರೌಟರಿಗೆ, ಜಿಲ್ಲಾ ಕೇಂದ್ರಕ್ಕೆ, ಬೆಂಗಳೂರಿನ ಯಂತ್ರಕ್ಕೆ ಪಿಂಗ್ ಮಾಡಿ, ಕಾಲವನ್ನೂ ನಷ್ಟವನ್ನೂ ಬರೆದಿಡಿರಿ. ನೆರೆಯ ತಾಲೂಕಿನ ಗೆಳೆಯನ ಅಂಕಿಯನ್ನು ಪಕ್ಕದಲ್ಲಿ ಬರೆಯಿರಿ. ತೊಂದರೆಯಾದ ದಿನ, ಯಾವ ಗಂಟೆಯಿಂದ, ಯಾವ ನಿಲುಗಡೆಯ ಆಚೆಗೆ, ಎಷ್ಟು ನಷ್ಟ, ನೆರೆಯ ಊರಿನಲ್ಲಿ ಹೇಗಿದೆ ಎಂಬುದನ್ನು ದೂರಿನಲ್ಲಿ ನಮೂದಿಸಿರಿ. ಜಾಲವು ಆರೋಗ್ಯವಾಗಿರುವಾಗಿನ ಅಂಕಿಗಳು ಕೈಯಲ್ಲಿಲ್ಲದವನಿಗೆ ಕೆಟ್ಟ ದಿನದ ಅಂಕಿಗಳು ಏನನ್ನೂ ಹೇಳಲಾರವು. ಆದ್ದರಿಂದ ನೆಟ್ ಸರಿಯಾಗಿ ನಡೆಯುತ್ತಿರುವ ದಿನವೇ ಬರೆಯಲು ಆರಂಭಿಸಿರಿ.